ದಂಡಕಂದುಕಯಾನಮೀಮಾಂಸೆ

ಮನುಷ್ಯನು ಚೆಂಡಾಟ ನೋಡಲು ಹೋಗುತ್ತಾನೆ ಎಂಬುದು ಲೋಕಪ್ರಸಿದ್ಧ. ಹೇಗೆ ಹೋಗುತ್ತಾನೆ ಎಂಬುದು ಇನ್ನೂ ಶಾಸ್ತ್ರಪ್ರಸಿದ್ಧವಾಗಿಲ್ಲ. ದಂಡದಿಂದ ಕಂದುಕವನ್ನು ತಾಡಿಸುವುದೇ ಪ್ರಧಾನ ವ್ಯಾಪಾರವಾಗಿರುವ, ಅಮೆರಿಕದಲ್ಲಿ ಬೇಸ್‌ಬಾಲ್ ಎಂದು ಕರೆಯಲ್ಪಡುವ ಕ್ರೀಡೆಯಲ್ಲಿ ಅಳೆಯದೆ ಬಿಟ್ಟದ್ದು ಏನೂ ಇಲ್ಲ. ಎಸೆತದ ವೇಗ, ಚೆಂಡಿನ ಭ್ರಮಣ, ಅದು ದಾಂಡನ್ನು ಬಿಟ್ಟು ಹಾರಿದ ಕೋನ, ಎಲ್ಲಕ್ಕೂ ಲೆಕ್ಕವುಂಟು. ಆದರೆ ಅದೇ ಚೆಂಡನ್ನು ನೋಡಹೊರಟವನು ರೈಲಿನಲ್ಲಿ ಯಾವ ಕಂಬವನ್ನು ಯಾವ ಕೈಯಿಂದ ಹಿಡಿದಿದ್ದನೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಈ ನ್ಯೂನತೆಯ ಪರಿಹಾರಾರ್ಥವಾಗಿ ದಂಡಕಂದುಕಯಾನಮೀಮಾಂಸೆ ಎಂಬ ನೂತನ ಶಾಸ್ತ್ರವನ್ನು ಇಲ್ಲಿ ಪ್ರವರ್ತಿಸುತ್ತಿದ್ದೇವೆ.

1. ಅನುಬಂಧಚತುಷ್ಟಯ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳುವುದು ಶಿಷ್ಟಾಚಾರ. ವಿಷಯವು ಸಾರ್ವಜನಿಕ ವಾಹನದ ಮೂಲಕ ಕ್ರೀಡಾಂಗಣಗಮನ. ಪ್ರಯೋಜನ ಎರಡು ಬಗೆ: ಸರಿಯಾದ ನಿಲ್ದಾಣದಲ್ಲಿ ಇಳಿಯುವುದು ದೃಷ್ಟಪ್ರಯೋಜನ, ಸ್ವಪಕ್ಷದ ಗೆಲುವು ಅದೃಷ್ಟಪ್ರಯೋಜನ. ಇವೆರಡರ ನಡುವೆ ಕಾರ್ಯಕಾರಣಭಾವ ಉಂಟೆಂದು ಯಾನಿಗಳು ನಂಬುತ್ತಾರೆ, ಅದೇ ಸಂಬಂಧ. ಅಧಿಕಾರಿಯು ಪ್ರಯಾಣದರವನ್ನು ತೆತ್ತವನು. ಪ್ರಧಾನ ಉದಾಹರಣೆಯಾಗಿ ನಾವು ಆರಿಸಿಕೊಂಡ ನ್ಯೂಯಾರ್ಕ್ ನಗರದ ಸಬ್‌ವೇಯಲ್ಲಿ ದೂರಕ್ಕೆ ತಕ್ಕ ದರವಿಲ್ಲ, ಒಂದೇ ದರ. 1904ರಲ್ಲಿ ಅದು ಆರಂಭವಾದಾಗಿನಿಂದ 1948ರವರೆಗೆ ಆ ದರ ಐದು ಸೆಂಟು ಮಾತ್ರವಾಗಿತ್ತು. ಒಂದು ನಿಲ್ದಾಣ ಹೋಗುವವನೂ ನಗರದ ತುದಿಯಿಂದ ಬರುವವನೂ, ಗೆಲ್ಲುವ ಪಕ್ಷದವನೂ ಸೋಲುವ ಪಕ್ಷದವನೂ ಸಮಾನಾಧಿಕಾರಿಗಳು ಎಂಬುದು ಇದರಿಂದ ಸಿದ್ಧ.

2. ಲಕ್ಷಣವಿಚಾರ

ಯಾನಿ ಎಂದರೆ ಯಾರು? ‘ಪಂದ್ಯ ನೋಡುವ ಇಚ್ಛೆಯಿಂದ ಗಾಡಿಯೇರಿದವನು’ ಎಂದರೆ ತಾಯಿಯ ತೊಡೆಯ ಮೇಲೆ ನಿದ್ರಿಸುತ್ತ ಕ್ರೀಡಾಂಗಣವನ್ನು ತಲುಪುವ ಶಿಶುವಿಗೆ ಲಕ್ಷಣ ಹೊಂದದೆ ಅವ್ಯಾಪ್ತಿದೋಷ ಬರುತ್ತದೆ. ‘ಕ್ರೀಡಾಂಗಣದ ನಿಲ್ದಾಣದಲ್ಲಿ ಇಳಿದವನು’ ಎನ್ನೋಣವೆಂದರೆ, ಬ್ರಾಂಕ್ಸ್‌ನ 161ನೆಯ ಬೀದಿಯಲ್ಲಿ ಯಾಂಕೀ ಸ್ಟೇಡಿಯಮ್ಮಿನ ನೆರೆಯಲ್ಲೇ ಕೌಂಟಿಯ ನ್ಯಾಯಾಲಯವೂ ಇದೆ. ವ್ಯಾಜ್ಯಕ್ಕಾಗಿ ಬಂದಿಳಿದವನಲ್ಲಿ ಅತಿವ್ಯಾಪ್ತಿ. ‘ಮುದ್ರಿತ ಟಿಕೆಟನ್ನು ಕೈಯಲ್ಲಿ ಹಿಡಿದವನು’ ಎಂದರೆ, ಟಿಕೆಟುಗಳೆಲ್ಲ ಮೊಬೈಲಿನೊಳಗೆ ಸೇರಿಕೊಂಡ ಈ ಕಾಲದಲ್ಲಿ ಅಸಂಭವ. ಆದ್ದರಿಂದ ಪರಿಷ್ಕೃತ ಲಕ್ಷಣ ಹೀಗಿದೆ: ಸ್ವೇಚ್ಛೆಯಿಂದಾಗಲಿ ಪೋಷಕೇಚ್ಛೆಯಿಂದಾಗಲಿ ಸಾರ್ವಜನಿಕ ವಾಹನವನ್ನೇರಿ, ನ್ಯಾಯಾಲಯಾದಿ ಗಮ್ಯಾಂತರಗಳ ಅಭಾವದಿಂದ ವಿಶಿಷ್ಟನಾಗಿ, ಇಳಿದೊಡನೆ ಕ್ರೀಡಾಂಗಣದ್ವಾರಾಭಿಮುಖನಾಗುವವನು ಯಾನಿ. ವ್ಯಾಜ್ಯವನ್ನು ಮುಗಿಸಿಕೊಂಡು ಹಾಗೆಯೇ ಪಂದ್ಯಕ್ಕೆ ನಡೆಯುವವನು ಉಭಯಧರ್ಮಿ. ತೀರ್ಪು ಏನಾಯಿತೆಂದು ತಿಳಿಯದೆ ಅವನ ಮುಖಭಾವವನ್ನು ವರ್ಗೀಕರಿಸಲಾಗದು.

3. ನಿಲ್ದಾಣವಿಭಾಗ

ಕ್ರೀಡಾಂಗಣದೊಡನೆ ನಾಮಸಂಬಂಧ ಮತ್ತು ಸಾಮೀಪ್ಯಸಂಬಂಧಗಳ ಭಾವಾಭಾವಗಳನ್ನು ಅನುಸರಿಸಿ ನಿಲ್ದಾಣಗಳು ನಾಲ್ಕು ವಿಧ.

ಸನಾಮಸನ್ನಿಹಿತವು ಮೊದಲನೆಯದು. ಅದರಲ್ಲಿ ಮತ್ತೆ ಅಂಗಣನಾಮಕ, ಗಣನಾಮಕ ಎಂದು ಎರಡು ಉಪಭೇದ. ‘161ನೆಯ ಬೀದಿ–ಯಾಂಕೀ ಸ್ಟೇಡಿಯಂ’ ಅಂಗಣನಾಮಕ. ಕ್ವೀನ್ಸ್‌ನ ‘ಮೆಟ್ಸ್–ವಿಲೆಟ್ಸ್ ಪಾಯಿಂಟ್’, ಮೆಟ್ಸ್ ಎಂಬುದು ತಂಡದ ಹೆಸರಾದ್ದರಿಂದ, ಗಣನಾಮಕ. ಈ ಎರಡನೆಯದು ಮೊದಲು ಶೇ ಸ್ಟೇಡಿಯಮ್ಮಿನ ಹೆಸರು ಹೊತ್ತು ಅಂಗಣನಾಮಕವೇ ಆಗಿತ್ತು. 2009ರಲ್ಲಿ ಸಿಟಿ ಫೀಲ್ಡ್ ತೆರೆದು ಹಳೆಯ ಅಂಗಣ ಮರೆಯಾದ ಮೇಲೆ ಉಪಭೇದಾಂತರವನ್ನು ಹೊಂದಿತು. ಕಟ್ಟಡಗಳು ಉರುಳುತ್ತವೆ, ತಂಡ ಉಳಿಯುತ್ತದೆ ಎಂಬ ಅನಿತ್ಯತಾವಾದಕ್ಕೆ ಇದು ದೃಷ್ಟಾಂತ.

ಎರಡನೆಯದು ಅನಾಮಸನ್ನಿಹಿತ. ಶಿಕಾಗೊದ ರಿಗ್ಲಿ ಫೀಲ್ಡಿಗೆ ಕೆಂಪು ಮಾರ್ಗದ ಆ್ಯಡಿಸನ್ ನಿಲ್ದಾಣ, ಬಾಸ್ಟನ್ನಿನ ಫೆನ್‌ವೇ ಪಾರ್ಕಿಗೆ ಹಸಿರು ಮಾರ್ಗದ ಕೆನ್ಮೋರ್ ನಿಲ್ದಾಣ. ಇಲ್ಲಿ ಹೆಸರು ದಾರಿ ತೋರಿಸುವುದಿಲ್ಲ, ಮುಂದೆ ಸಾಗುವ ಟೋಪಿಗಳ ಪ್ರವಾಹ ತೋರಿಸುತ್ತದೆ.

ಮೂರನೆಯದು ಸನಾಮದೂರ. ಇದು ಅತಿವಿರಳ, ಆದ್ದರಿಂದಲೇ ಅಪಾಯಕರ. ಬಾಸ್ಟನ್ನಿನ ಹಸಿರು ಮಾರ್ಗದ ಡಿ ಶಾಖೆಯಲ್ಲಿ ಫೆನ್‌ವೇ ಎಂಬ ಹೆಸರಿನದೇ ಒಂದು ನಿಲ್ದಾಣವುಂಟು. 1912ರಿಂದ ನಿಂತಿರುವ ಫೆನ್‌ವೇ ಪಾರ್ಕಿಗೆ ಅದು ಕೆನ್ಮೋರಿನಷ್ಟು ಹತ್ತಿರವಲ್ಲ. ಹೆಸರನ್ನು ನಂಬಿ ಅಲ್ಲಿಳಿದವನ ಜ್ಞಾನ ಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡವನ ಜ್ಞಾನದಂಥದು. ಕೆಲವು ನಿಮಿಷಗಳ ನಡಿಗೆಯಿಂದ ಅದು ಬಾಧಿತವಾಗುತ್ತದೆ.

ನಾಲ್ಕನೆಯದು ಅನಾಮದೂರ. ಮೇಲಿನ ಮೂರರಲ್ಲಿ ಸೇರದ ಜಗತ್ತಿನ ಸಕಲ ನಿಲ್ದಾಣಗಳೂ ಇದರಲ್ಲಿ ಅಂತರ್ಗತ. ಅರಸೀಕೆರೆ ಜಂಕ್ಷನ್ ಈ ವರ್ಗಕ್ಕೆ ಸೇರಿದ್ದು. ವಿಭಾಗದಲ್ಲಿ ಏನೂ ಹೊರಗುಳಿಯಬಾರದೆಂಬ ಕಾರಣಕ್ಕೆ ಇದನ್ನು ಹೇಳಲಾಗಿದೆ, ಅಲ್ಲಿಂದ ಯಾಂಕೀ ಸ್ಟೇಡಿಯಮ್ಮಿಗೆ ನೇರ ಗಾಡಿಯಿದೆಯೆಂದಲ್ಲ.

161ನೆಯ ಬೀದಿಯ ನಿಲ್ದಾಣದಲ್ಲಿ ಲೋಕವಿಭಾಗವೊಂದು ವಿಶೇಷವಾಗಿದೆ. ಹಸಿರು ಬಣ್ಣದ 4ನೆಯ ಗಾಡಿ ಕಂಬಗಳ ಮೇಲಿನ ಊರ್ಧ್ವಲೋಕದಲ್ಲಿ ನಿಲ್ಲುತ್ತದೆ. ಕಿತ್ತಳೆ ಬಣ್ಣದ ಬಿ, ಡಿ ಗಾಡಿಗಳು ನೆಲದಡಿಯ ಅಧೋಲೋಕದಲ್ಲಿ ನಿಲ್ಲುತ್ತವೆ. ಕೆಲವರು ಮೆಟ್ಟಿಲಿಳಿದು, ಕೆಲವರು ಮೆಟ್ಟಿಲೇರಿ ಒಂದೇ ಬೀದಿಯನ್ನು ಸೇರುತ್ತಾರೆ. ಅವತರಣ ಮತ್ತು ಉತ್ಥಾನಗಳಿಗೆ ಫಲ ಒಂದೇ ಎಂಬುದು ಇಲ್ಲಿ ಪ್ರತ್ಯಕ್ಷ. ಬಿ ಗಾಡಿ ವಾರದ ದಿನಗಳಲ್ಲಿ ಮಾತ್ರ ಓಡುವುದರಿಂದ ಭಾನುವಾರದ ಬಿ ಗಾಡಿಯನ್ನು ಮೊಲದ ಕೊಂಬು, ಆಕಾಶಪುಷ್ಪಗಳ ಜೊತೆಗೆ ಅತ್ಯಂತಾಭಾವದ ಉದಾಹರಣೆಯಾಗಿ ಪಾಠಶಾಲೆಗಳಲ್ಲಿ ಬಳಸಬಹುದು.

4. ಹೇತುವಿಚಾರ

ಎಲ್ಲಿ ಇಳಿಯಬೇಕೆಂದು ತಿಳಿಯದವನು ಯಾನಿಗಳನ್ನು ಗುರುತಿಸಿ ಅವರನ್ನು ಹಿಂಬಾಲಿಸಬೇಕು. ಗುರುತಿಸುವುದು ಅನುಮಾನಪ್ರಮಾಣದಿಂದ. ‘ಇವನು ಪಂದ್ಯಕ್ಕೆ ಹೋಗುವವನು, ಯಾಂಕೀ ಟೋಪಿ ಧರಿಸಿರುವುದರಿಂದ’ ಎಂಬ ಅನುಮಾನ ಮೇಲ್ನೋಟಕ್ಕೆ ಪುಷ್ಟವಾಗಿದೆ. ಆದರೆ ಎನ್, ವೈ ಅಕ್ಷರಗಳು ಹೆಣೆದುಕೊಂಡ ಆ ಗಾಢನೀಲಿ ಟೋಪಿಯನ್ನು ಬೇಸ್‌ಬಾಲ್ ಎಂದರೇನೆಂದು ಅರಿಯದವರೂ ಲೋಕದ ಎಲ್ಲ ಖಂಡಗಳಲ್ಲಿ ಧರಿಸುತ್ತಾರೆ. ಹೇತು ವ್ಯಭಿಚಾರಿ. ಅದನ್ನು ನೆಚ್ಚಿ ಹಿಂಬಾಲಿಸಿದವನು ಯಾರದೋ ಮನೆಯ ಬಾಗಿಲಿಗೆ ಹೋಗಿ ನಿಂತಾನು. ಹೆಸರೂ ಸಂಖ್ಯೆಯೂ ಇರುವ ಜೆರ್ಸಿ ಹೆಚ್ಚು ಬಲವಾದ ಹೇತು. ಜೆರ್ಸಿ ಧರಿಸಿದವರು ಮೂವರು ಒಟ್ಟಿಗಿದ್ದರೆ ವ್ಯಾಪ್ತಿ ಬಹುತೇಕ ನಿಶ್ಚಿತ.

ಸರ್ವಥಾ ನಿರ್ದುಷ್ಟವಾದ ಹೇತು ಒಂದೇ: ಚೆಂಡು ಹಿಡಿಯುವ ಚರ್ಮದ ಗವುಸನ್ನು ತೊಟ್ಟ ಬಾಲಕ. ಪ್ರೇಕ್ಷಕರತ್ತ ಹಾರಿಬರುವ ಚೆಂಡನ್ನು ಹಿಡಿದವನೇ ಇಟ್ಟುಕೊಳ್ಳಬಹುದಾದ್ದರಿಂದ ಅವನು ಗವುಸನ್ನು ಮನೆಯಿಂದಲೇ ತೊಟ್ಟು ಬರುತ್ತಾನೆ. ಜುಲೈ ತಿಂಗಳ ಒಂದು ಸಂಜೆ, 7.05ರ ಪಂದ್ಯಕ್ಕೆ ಹೊರಟ 4ನೆಯ ಗಾಡಿಯಲ್ಲಿ ಅಂಥವನೊಬ್ಬನನ್ನು ನಾವು ಸಮೀಪದಿಂದ ಪರೀಕ್ಷಿಸಿದೆವು. ವಯಸ್ಸು ಎಂಟರ ಆಸುಪಾಸು. ಎಡಗೈಯಲ್ಲಿ ಗವುಸು, ಬಲಗೈಯಲ್ಲಿ ಕಂಬ. ಹಿಡಿಯಲು ಚೆಂಡಿಲ್ಲದ್ದರಿಂದ ಅವನು ಆಗಾಗ ಬಲಗೈಯನ್ನು ಕಂಬದಿಂದ ಬಿಡಿಸಿ, ಮುಷ್ಟಿ ಮಾಡಿ ಗವುಸಿನ ನಡುವಿಗೆ ಗುದ್ದುತ್ತಿದ್ದನು. ಗುದ್ದಿದಾಗಲೆಲ್ಲ ಗಾಡಿ ಅಲುಗಿ ಅವನು ತಂದೆಯ ಸೊಂಟಕ್ಕೆ ವಾಲುತ್ತಿದ್ದನು. 149ನೆಯ ಬೀದಿಯಾದ ಮೇಲೆ ಹಳಿಯು ಸುರಂಗದಿಂದ ಮೇಲೇರಿ ಬಯಲಿಗೆ ಬರುತ್ತದೆ. ಸಂಜೆಯ ಬೆಳಕು ಒಮ್ಮೆಲೇ ಬೋಗಿಯೊಳಗೆ ಬಿದ್ದಿತು, ಎಡಗಡೆ ಕ್ರೀಡಾಂಗಣ ಕಾಣಿಸಿತು. ಬಾಲಕನು ಗುದ್ದುವುದನ್ನು ನಿಲ್ಲಿಸಿ ಗವುಸನ್ನು ಅಗಲಿಸಿ ಹಿಡಿದನು. ಗಾಡಿಯೊಳಗೆ ಚೆಂಡು ಬರುವ ಸಂಭವವಿರಲಿಲ್ಲ. ಇದು ಇನ್ನೂ ಬಾರದ ಚೆಂಡಿನ ಪ್ರತೀಕ್ಷೆಯಾದ್ದರಿಂದ ಪ್ರಾಗಭಾವಕ್ಕೆ ಸೇರಿದ್ದೆಂದು ಟಿಪ್ಪಣಿ ಮಾಡಿಕೊಂಡೆವು.

5. ಸ್ಥಿತಿಭೇದ

ಗಾಡಿಯೊಳಗಿನ ಯಾನಿಗಳು ಆಧಾರಭೇದದಿಂದ ನಾಲ್ಕು ವಿಧ: ಆಸೀನ, ಸ್ತಂಭಾಲಂಬಿ, ಕವಾಟಾಶ್ರಿತ, ಪರಸ್ಪರಾಲಂಬಿ. ಆಸೀನನು ಪೂರ್ವಪುಣ್ಯದಿಂದ ಬಹುದೂರದ ನಿಲ್ದಾಣದಲ್ಲಿ ಹತ್ತಿದವನು. ಸ್ತಂಭಾಲಂಬಿಗಳ ಸಂಖ್ಯೆ ಕಂಬದ ಎತ್ತರದಿಂದ ನಿಯಮಿತ, ಕೈಗಳು ಒಂದರ ಮೇಲೊಂದು ಬರುವುದರಿಂದ. ಬಾಗಿಲಿಗೆ ಒರಗಿದ ಕವಾಟಾಶ್ರಿತನು ಪ್ರತಿ ನಿಲ್ದಾಣದಲ್ಲೂ ಆಧಾರಭ್ರಷ್ಟನಾಗುತ್ತಾನೆ. ನಾಲ್ಕನೆಯವನು ಯಾವುದನ್ನೂ ಹಿಡಿದಿರುವುದಿಲ್ಲ. ಸುತ್ತಲಿನವರ ಒತ್ತಡವೇ ಅವನನ್ನು ನಿಲ್ಲಿಸಿರುತ್ತದೆ. ಸುತ್ತಲಿನವರನ್ನು ಯಾರು ನಿಲ್ಲಿಸಿದ್ದಾರೆ ಎಂದರೆ, ಅವನೇ. ಇದು ಅನ್ಯೋನ್ಯಾಶ್ರಯದೋಷವೆಂದು ತಾರ್ಕಿಕರು ಆಕ್ಷೇಪಿಸಬಹುದು. ದೋಷವಿರಬಹುದು, ಆದರೆ ಬೀಳುವುದಿಲ್ಲ.

6. ಸಂಧಿಪ್ರಕರಣ

ಗಾಡಿ ಬದಲಿಸುವ ಸ್ಥಾನವೇ ಸಂಧಿ. 4ನೆಯ ಗಾಡಿಯೂ ಮೆಟ್ಸ್ ಕಡೆಯ 7ನೆಯ ಗಾಡಿಯೂ ಸೇರುವ ಗ್ರ್ಯಾಂಡ್ ಸೆಂಟ್ರಲ್ ಇದಕ್ಕೆ ಶ್ರೇಷ್ಠ ನಿದರ್ಶನ. ಕನ್ನಡ ವ್ಯಾಕರಣದ ಮೂರು ಸಂಧಿಗಳೂ ಅಲ್ಲಿ ಯಥಾವತ್ತಾಗಿ ಘಟಿಸುತ್ತವೆ. ಇಬ್ಬರು ಕೂಡಿ ಇಳಿದು ಒಬ್ಬನೇ ಮುಂದಿನ ಗಾಡಿಯನ್ನು ಹತ್ತಿದರೆ ಲೋಪಸಂಧಿ. ಇಬ್ಬರ ನಡುವೆ ಗುರುತಿಲ್ಲದ ಮೂರನೆಯವನು ಬಂದು ‘ಸ್ಟೇಡಿಯಮ್ಮಿಗೆ ಇದೇ ಗಾಡಿಯೇ?’ ಎಂದು ಕೇಳಿ ಅಲ್ಲೇ ಉಳಿದರೆ ಆಗಮಸಂಧಿ. ಸಂಗಡಿಗನೆಂದು ಭಾವಿಸಿ ಅದೇ ಬಣ್ಣದ ಜೆರ್ಸಿಯ ಮತ್ತೊಬ್ಬನ ತೋಳು ಹಿಡಿದು ಹತ್ತಿದರೆ ಆದೇಶಸಂಧಿ. ಸಂಧಿ ಮಾಡಿದರೆ ಅರ್ಥ ಕೆಡುವಲ್ಲಿ ಪ್ರಕೃತಿಭಾವ. ಆಗ ನಿಂತಲ್ಲೇ ನಿಂತು ಫೋನ್ ಮಾಡುವುದು ವಿಹಿತ.

7. ಕಾಲ ಮತ್ತು ನಿವೃತ್ತಿ

ಗಾಡಿಗೆ ವೇಳಾಪಟ್ಟಿಯುಂಟು, ಪಂದ್ಯಕ್ಕಿಲ್ಲ. ಒಂಬತ್ತು ಇನ್ನಿಂಗ್ಸ್ ಮುಗಿದಾಗ ಪಂದ್ಯ ಮುಗಿಯುತ್ತದೆ; ಸಮಬಲವಾದರೆ ಮುಗಿಯುವುದಿಲ್ಲ. 2023ರಲ್ಲಿ ಎಸೆತಗಾರನಿಗೆ ಗಡಿಯಾರವನ್ನು ವಿಧಿಸಿ, ಬೇಸ್‌ಗಳು ಖಾಲಿಯಿದ್ದಾಗ 15 ಸೆಕೆಂಡಿನೊಳಗೆ ಎಸೆಯಬೇಕೆಂದು ನಿಯಮ ಮಾಡಲಾಯಿತು. ಹಿಂದಿನ ವರ್ಷ ಸರಾಸರಿ ಮೂರು ಗಂಟೆಯನ್ನು ದಾಟುತ್ತಿದ್ದ ಪಂದ್ಯ ಅದರಿಂದ ಸುಮಾರು ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಲೋಕವು ಇದನ್ನು ಕ್ರೀಡೆಯ ಸುಧಾರಣೆಯೆಂದು ಎಣಿಸಿತು. ನಮ್ಮ ಶಾಸ್ತ್ರದೃಷ್ಟಿಯಲ್ಲಿ ಇದು ಮರಳುಗಾಡಿಯ ಸುಧಾರಣೆ.

ಮರಳುವವರು ಕಾಲಭೇದದಿಂದ ಮೂವರು: ಏಳನೆಯ ಇನ್ನಿಂಗ್ಸ್‌ನ ನಡುವೆಯೇ ಜನಸಂದಣಿಗೆ ಅಂಜಿ ಹೊರಡುವ ಸಪ್ತಮಾಂತ, ಕಡೆಯವರೆಗೆ ಕೂರುವ ನವಮಾಂತ, ಹೆಚ್ಚುವರಿ ಇನ್ನಿಂಗ್ಸ್‌ಗಳನ್ನೂ ಸಹಿಸುವ ಅತಿರಿಕ್ತಾಂತ. ಡ್ರಾ ಎಂಬುದಕ್ಕೆ ಎಡೆಯಿಲ್ಲವಾಗಿ ಕಡೆಯ ಇಬ್ಬರಿಗೆ ಜಯೀ, ಪರಾಜಿತ ಎಂಬ ಎರಡೆರಡು ಉಪಭೇದ. ಸಪ್ತಮಾಂತನಿಗೆ ಜಯಾಪಜಯಗಳೆರಡೂ ಇಲ್ಲ, ಆಸನ ಮಾತ್ರ ಇದೆ. ಹೀಗೆ ಒಟ್ಟು ಐದು.

8. ಅಂಗಾಂಗಿನಿರ್ಣಯ

ಯಾನವು ಪಂದ್ಯಕ್ಕಾಗಿ, ಆದ್ದರಿಂದ ಪಂದ್ಯವೇ ಅಂಗಿ, ಯಾನ ಅಂಗ ಎಂಬುದು ಪೂರ್ವಪಕ್ಷ. ಅದು ಅಯುಕ್ತ, ಶಬ್ದಪ್ರಮಾಣ ಮೂರು ಕಡೆ ವಿರುದ್ಧವಾಗಿದೆ. ಒಂದು: ಬ್ರೂಕ್ಲಿನ್ನಿನಲ್ಲಿ ಟ್ರಾಮುಗಳನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದ ಜನರಿಂದಲೇ ಅಲ್ಲಿಯ ತಂಡಕ್ಕೆ ಡಾಜರ್ಸ್ ಎಂದು ಹೆಸರಾಯಿತು. 1958ರಲ್ಲಿ ತಂಡ ಲಾಸ್ ಏಂಜಲಿಸ್‌ಗೆ ವಲಸೆ ಹೋಗುವ ವೇಳೆಗೆ ಅಲ್ಲಿಯ ಟ್ರಾಮುಗಳು ಮರೆಯಾಗಿದ್ದವು, ಹೆಸರು ಮಾತ್ರ ಜೊತೆಗೆ ಹೋಯಿತು. ಎರಡು: 2000ದಲ್ಲಿ ಯಾಂಕೀಸ್ ಮತ್ತು ಮೆಟ್ಸ್ ತಂಡಗಳು ವಿಶ್ವ ಸರಣಿಯಲ್ಲಿ ಎದುರಾದಾಗ ಜನ ಅದನ್ನು ಸಬ್‌ವೇ ಸೀರೀಸ್ ಎಂದರು. ಯಾಂಕೀಸ್ 4–1ರಿಂದ ಗೆದ್ದಿತು, ಹೆಸರು ಮಾತ್ರ ರೈಲಿನದಾಯಿತು. ಮೂರು: ಏಳನೆಯ ಇನ್ನಿಂಗ್ಸ್‌ನ ನಡುವೆ ಎಲ್ಲರೂ ಎದ್ದು ನಿಂತು ಹಾಡುವ ಹಾಡನ್ನು 1908ರಲ್ಲಿ ಜ್ಯಾಕ್ ನಾರ್ವರ್ತ್ ಬರೆದದ್ದು ರೈಲಿನಲ್ಲಿ ಪಂದ್ಯದ ಫಲಕವೊಂದನ್ನು ಕಂಡು ಎಂಬುದು ಪ್ರಸಿದ್ಧ ಐತಿಹ್ಯ. ಆಗ ಆತ ಒಂದು ದೊಡ್ಡ ಪಂದ್ಯವನ್ನೂ ನೋಡಿರಲಿಲ್ಲವಂತೆ. ಪಂದ್ಯವಿಲ್ಲದೆ ಯಾನ ಸಫಲವಾಗಬಲ್ಲದು. ಆದ್ದರಿಂದ ಯಾನವೇ ಅಂಗಿ, ಪಂದ್ಯ ಅಂಗವೆಂಬುದು ಸಿದ್ಧಾಂತ.

ಈ ಸಿದ್ಧಾಂತದ ವ್ಯಾಪ್ತಿಯನ್ನು ಹೇಳಿ ವಿರಮಿಸುತ್ತೇವೆ. ಮರಳುವವರ ಐದು ವಿಧಗಳಲ್ಲಿ ನಾಲ್ಕನ್ನು ನಾವು ತರ್ಕದಿಂದ ಸಾಧಿಸಿದ್ದೇವೆ, ಒಂದನ್ನು ಮಾತ್ರ ಪ್ರತ್ಯಕ್ಷದಿಂದ. ಶಾಸ್ತ್ರಕರ್ತನು ಸಪ್ತಮಾಂತ. ಎಲ್ಲರೂ ಹಾಡಲು ಎದ್ದು ನಿಂತಾಗ ನಾವು ಹೊರಡಲು ಎದ್ದು ನಿಂತಿರುತ್ತೇವೆ. ಆ ಸಂಜೆಯೂ ಖಾಲಿ ಬೋಗಿಯಲ್ಲಿ ಆಸೀನರಾಗಿ ಟಿಪ್ಪಣಿಗಳನ್ನು ಪರಿಷ್ಕರಿಸುತ್ತಿದ್ದಾಗ, ಹಿಂದೆ ಬಿಟ್ಟ ಕ್ರೀಡಾಂಗಣದಿಂದ ಸಹಸ್ರಾರು ಕಂಠಗಳ ಒಂದೇ ಕೂಗು ತೆರೆದ ಬಾಗಿಲಿನಿಂದ ಒಳಗೆ ಬಂದಿತು. ಬಾಗಿಲು ಮುಚ್ಚಿತು. ಚೆಂಡು ಎಲ್ಲೋ ಹಾರಿದ್ದು ನಿಶ್ಚಯ. ಅದು ಗವುಸನ್ನು ಸೇರಿತೇ ಎಂಬುದನ್ನು ಅನುಮಾನಪ್ರಮಾಣದಿಂದ ಸಾಧಿಸಲು 125ನೆಯ ಬೀದಿಯವರೆಗೂ ಯತ್ನಿಸಿದೆವು. ಹೇತು ಸಿಕ್ಕಲಿಲ್ಲ.