ಕೊನೆಯ ಆಲ್ಬಂ, ಮತ್ತೊಮ್ಮೆ

ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ 2003ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನವೆಂಬರ್‌ನಲ್ಲೇ ಐದು ಡಿಸ್ಕ್‌ಗಳ ಪೆಟ್ಟಿಗೆ ಮಾರುಕಟ್ಟೆಗೆ ಬಂತು. 2006ರ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1969ರ ನಂತರ ಬದುಕಿದ್ದಷ್ಟು ಕಾಲ ಅವರಿಗೆ ದಕ್ಕದಿದ್ದ ಸ್ಥಾನವದು. ಆಮೇಲಿನ ವ್ಯವಹಾರ ಅಂಗಡಿ ಕಟ್ಟೆಯಲ್ಲಿ ಹೀಗೆ ನಡೆಯುತ್ತದೆ:

ಅಭಿಮಾನಿ: 2010ರದ್ದೇ ಕೊನೇದು ಅಂದಿದ್ರಲ್ಲ?

ಅಂಗಡಿಯವ: ಅದು ಮೊದಲನೇ ಕೊನೇದು ಸ್ವಾಮಿ. 2014ರಲ್ಲಿ ಎಂಬತ್ತರ ದಶಕದ ಟೇಪು ಹೊರಗೆ ಬಂತು.

ಅಭಿಮಾನಿ: 2024ರದ್ದು?

ಅಂಗಡಿಯವ: ದನಿ 1993ರದ್ದು. ವಾದ್ಯ ಹೊಸದಾಗಿ ನುಡಿಸಿದ್ದು.

ಅಭಿಮಾನಿ: ಕ್ಯಾಶ್ ಒಪ್ಪಿದ್ರಾ?

ಅಂಗಡಿಯವ: ಬೇಡ ಅನ್ನಲಿಲ್ಲ.

ಅಭಿಮಾನಿ: ಸರಿ, ಮುಂದಿನದಕ್ಕೆ ಮುಂಗಡ ಹಿಡೀರಿ.

ಬಂದದ್ದೆಲ್ಲ ತಂಗಳಲ್ಲ. ಪತ್ನಿ ಜೂನ್ ತೀರಿಕೊಂಡ ಮೇಲೂ ಕ್ಯಾಶ್ ಹಾಡಿಟ್ಟ ದನಿ 2006ರ ಆಲ್ಬಂನಲ್ಲಿದೆ. ಒಂದನ್ನೇ ಕೊಳ್ಳುವವರು ಅದನ್ನು ಕೊಳ್ಳಬೇಕು.