ಭಾಷಣರಾಜಮಾರ್ಗಂ

ಶಾಸ್ತ್ರಗ್ರಂಥಕ್ಕೆ ಮಂಗಳಾಚರಣೆ ಇರಲೇಬೇಕು. ನಮ್ಮ ಶಾಸ್ತ್ರದ ಅಧಿದೇವತೆ ಧ್ವನಿವರ್ಧಕ. ಬೆರಳಿನಿಂದ ತಟ್ಟಿ 'ಹಲೋ ಹಲೋ, ಕೇಳಿಸ್ತಾ ಇದೆಯಾ' ಎಂಬ ಬೀಜಮಂತ್ರ ಜಪಿಸಿದರೆ ದೇವತೆ ಕುಯ್ಯೋ ಎಂದು ಒಲಿಯುತ್ತದೆ. ಒಲಿಯದಿದ್ದರೆ ಮೈಕ್‌ಸೆಟ್ಟಿನ ಹುಡುಗ ಬಂದು ವೈರು ಅಲ್ಲಾಡಿಸುತ್ತಾನೆ. ಅವನೇ ಅರ್ಚಕ.

ಇನ್ನು ಅನುಬಂಧ ಚತುಷ್ಟಯ, ಅಂದರೆ ಶಾಸ್ತ್ರದ ಆರಂಭದಲ್ಲಿ ಹೇಳಲೇಬೇಕಾದ ನಾಲ್ಕು ಸಂಗತಿ. ವಿಷಯ: ಭಾಷಣ ಜನರ ನೆನಪಿನಲ್ಲಿ ಉಳಿಯುವಂತೆ ಮಾತು ಹೆಣೆಯುವ ಬಗೆಗಳು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹ: ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾದವರೆಲ್ಲ, ಅಚ್ಚಾಗದೆ ವೇದಿಕೆ ಹತ್ತಿದವರಿಗೆ ಅರ್ಹತೆ ಇನ್ನೂ ಹೆಚ್ಚು. ಪ್ರಯೋಜನ: ಮಾತು ನಿಲ್ಲಬೇಕು, ಮಾತಿನ ಹೊಣೆ ಜಾರಬೇಕು. ನಾಲ್ಕನೆಯದು ಸಂಬಂಧ. ವಿಷಯಕ್ಕೂ ಭಾಷಣಕ್ಕೂ ಸಂಬಂಧ ಇರಬೇಕೆಂಬುದು ಪ್ರಾಚೀನರ ಮತ, ನವೀನರು ಒಪ್ಪುವುದಿಲ್ಲ.

ಪೂರ್ವಸೂರಿಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವೇ ಅಲಂಕಾರಶಾಸ್ತ್ರ. ಅಂದರೆ ಮಾತನ್ನು ಸಿಂಗರಿಸುವ ಬಗೆ ನಮಗೆ ಮೊದಲು ಬಂತು, ಹೇಳಬೇಕಾದ ಸಂಗತಿ ಆಮೇಲೆ. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದಾಗ ಸಂಸ್ಕೃತದ ಆಲಂಕಾರಿಕ ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಹಿಂಬಾಲಿಸಿದ. ಜೊತೆಗೆ ದಂಡಿಯಲ್ಲಿ ಇಲ್ಲದ ಒಂದು ಪ್ರಶಂಸಾಪತ್ರವನ್ನೂ ಸೇರಿಸಿದ: ಈ ನಾಡಿನ ಜನ ಪಟ್ಟುಹಿಡಿದು ಓದದೆಯೂ ಕಾವ್ಯದಲ್ಲಿ ಪಳಗಿದವರು. ಓದದೆ ಕಾವ್ಯ ಬಲ್ಲವರಿಗೆ ಓದದೆ ಭಾಷಣ ಬಾರದೇ ಇರುತ್ತದೆಯೆ? ದೊಡ್ಡದೇ ಸಾಧ್ಯವಾದ ಮೇಲೆ ಚಿಕ್ಕದರ ಮಾತೇನು ಎಂಬ ಕೈಮುತಿಕ ನ್ಯಾಯದಿಂದ ಇದು ಸಿದ್ಧ.

ಭಾಷಣದ ಬಾಗಿಲಲ್ಲೇ ನಿಂತಿರುವುದು ಆಕ್ಷೇಪಾಲಂಕಾರ. ಹೇಳಬೇಕೆಂದಿರುವುದನ್ನೇ ಹೇಳುವುದಿಲ್ಲವೆಂದು ತಡೆದು, ಆ ತಡೆಯಿಂದಲೇ ಅದಕ್ಕೆ ಹೊಳಪು ತರುವುದು ಇದರ ಲಕ್ಷಣ. 'ನಾನು ಹೆಚ್ಚು ಮಾತಾಡೋದಿಲ್ಲ.' 'ನಾನೇನೂ ಭಾಷಣಕಾರ ಅಲ್ಲ.' 'ನನಗಿಂತ ಮುಂಚೆ ಮಾತಾಡಿದ ಹಿರಿಯರು ಎಲ್ಲಾ ಹೇಳಿಬಿಟ್ಟಿದ್ದಾರೆ.' ಮೂರನ್ನೂ ಒಬ್ಬರೇ ಬಳಸಿದರೆ ಮುಕ್ಕಾಲು ಗಂಟೆಗೆ ಕಮ್ಮಿಯಿಲ್ಲ ಎಂದು ತಿಳಿಯತಕ್ಕದ್ದು. ಸನ್ಮಾನ ಸಭೆಯಲ್ಲಿ ಇದರ ಪ್ರೌಢ ರೂಪವುಂಟು. 'ಇವರನ್ನು ನಿಮಗೆ ಪರಿಚಯಿಸುವುದೆಂದರೆ ಸೂರ್ಯನಿಗೆ ದೀಪ ಹಿಡಿದಂತೆ' ಎಂದು ಹೇಳಿ, ಮರುಕ್ಷಣವೇ ಜೇಬಿನಿಂದ ನಾಲ್ಕು ಹಾಳೆ ತೆಗೆದು ದೀಪ ಹಿಡಿಯುವುದು. ಸೂರ್ಯ ಅಷ್ಟು ಹೊತ್ತೂ ಪಕ್ಕದ ಕುರ್ಚಿಯಲ್ಲಿ ಮೈಸೂರು ಪೇಟದೊಳಗೆ ಬೆವರುತ್ತಿರುತ್ತಾನೆ.

ದೀಪದ ಮಾತು ಬಂತು, ದೀಪಕವನ್ನೂ ಇಲ್ಲೇ ಹಚ್ಚಿಬಿಡೋಣ. ಒಂದೆಡೆ ಇಟ್ಟ ಪದ ವಾಕ್ಯದ ಎಲ್ಲ ಭಾಗಗಳನ್ನೂ ಬೆಳಗಿದರೆ ಅದು ದೀಪಕಾಲಂಕಾರ. ಆ ಪದ ಮೊದಲಿಗೋ, ನಡುವೆಯೋ, ಕೊನೆಗೋ ಎಂಬುದರ ಮೇಲೆ ಪ್ರಾಚೀನ ಆಲಂಕಾರಿಕ ಭಾಮಹನ ಕಾಲದಿಂದಲೂ ಮೂರು ಬಗೆ. ಕನ್ನಡದ ಸ್ವಾಗತ ಭಾಷಣ ಅಂತ್ಯದೀಪಕದ ಪರಾಕಾಷ್ಠೆ: 'ಸಮಾರಂಭದ ಅಧ್ಯಕ್ಷರನ್ನು, ಉದ್ಘಾಟಕರನ್ನು, ಮುಖ್ಯ ಅತಿಥಿಗಳನ್ನು, ಅನಿವಾರ್ಯ ಕಾರಣಗಳಿಂದ ಬರಲಾಗದ ಅತಿಥಿಗಳು ಕಳಿಸಿಕೊಟ್ಟಿರುವ ಪ್ರತಿನಿಧಿಗಳನ್ನು, ಪತ್ರಿಕಾ ಮಿತ್ರರನ್ನು, ತಾಯಂದಿರನ್ನು, ಮುದ್ದು ಮಕ್ಕಳನ್ನು...' ಕ್ರಿಯಾಪದ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಇಂಗ್ಲಿಷಿನವರು ಕ್ರಿಯಾಪದವನ್ನು ಮುಂಚೆಯೇ ಕೊಟ್ಟುಬಿಡುತ್ತಾರೆ. ಕೇಳುವವನು ಅಲ್ಲಿಗೇ ಎದ್ದು ಹೋಗಬಹುದು. ನಮ್ಮಲ್ಲಿ ದ್ವಿತೀಯಾ ವಿಭಕ್ತಿಯಲ್ಲಿ ನೇತಾಡುತ್ತಿರುವ ಇಷ್ಟು ಮಂದಿಯನ್ನು ಕೊನೆಗೆ ಏನು ಮಾಡಿಬಿಡುತ್ತಾರೋ ಎಂಬ ಆತಂಕದಿಂದ ಯಾರೂ ಕದಲುವುದಿಲ್ಲ. 'ತುಂಬು ಹೃದಯದಿಂದ ಸ್ವಾಗತಿಸುತ್ತೇನೆ' ಎಂದಾಗ ಬೀಳುವುದು ಬಿಡುಗಡೆಯ ಚಪ್ಪಾಳೆ.

ಕಾವ್ಯದಲ್ಲಿ ಪುನರುಕ್ತಿ ದೋಷ. ಆದರೆ ಅನುಕಂಪ ಮುಂತಾದ ಭಾವ ಉಕ್ಕಿಬಂದಾಗ ದೋಷವೇ ಅಲಂಕಾರವಾಗುತ್ತದೆಂದು ದಂಡಿಯೇ ವಿನಾಯಿತಿ ಕೊಟ್ಟಿದ್ದಾನೆ. ಚುನಾವಣೆಯ ವರ್ಷದಲ್ಲಿ ಅನುಕಂಪ ಎಷ್ಟು ಉಕ್ಕುತ್ತದೆಂದು ಅವನಿಗೆ ಹೇಗೋ ಗೊತ್ತಿತ್ತು. ಪಶ್ಚಿಮದವರು ಸಾಲಿನ ತಲೆಗೆ ಒಂದೇ ಮಾತನ್ನು ಮತ್ತೆ ಮತ್ತೆ ಕೂರಿಸಿ ಹೆಸರು ಮಾಡಿದರು. 1940ರ ಜೂನ್ 4ರಂದು ಚರ್ಚಿಲ್ ಕಡಲತೀರ, ಹೊಲ, ಬೀದಿ, ಬೆಟ್ಟ ಎಲ್ಲವನ್ನೂ ಒಂದೇ ಕ್ರಿಯಾಪದದಿಂದ ಕಾದುಕೊಂಡರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಎದುರು ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಮಾತನ್ನು ಅಲೆಯ ಮೇಲೆ ಅಲೆಯಾಗಿ ಎಬ್ಬಿಸಿದರು. ಆ ಕನಸಿನ ಭಾಗ ಬರೆದು ತಂದ ಪ್ರತಿಯಲ್ಲಿ ಇರಲೇ ಇಲ್ಲ. ಕನಸಿನ ವಿಷಯ ಹೇಳಿ ಎಂದು ಗಾಯಕಿ ಮಹಾಲಿಯಾ ಜಾಕ್ಸನ್ ವೇದಿಕೆಯ ಬಳಿಯಿಂದ ಕೂಗಿದ್ದರು. ನಮ್ಮ ವೇದಿಕೆಗಳಲ್ಲಿ ಹಿಂದಿನಿಂದ ಬರುವುದು ಚೀಟಿ. ಅದನ್ನು ಓದಿ, ಮಡಚಿ ಜೇಬಿಗಿಟ್ಟು, 'ಸಮಯದ ಅಭಾವ ಇರೋದರಿಂದ, ಕೊನೆಯದಾಗಿ' ಎಂದು ಮುಂದುವರಿಯುವುದೇ ನಮ್ಮ ಪುನರುಕ್ತಿ. ಒಂದು ಭಾಷಣದಲ್ಲಿ 'ಕೊನೆಯದಾಗಿ' ಎಷ್ಟು ಸಲ ಬರಬಹುದೆಂಬುದಕ್ಕೆ ಶಾಸ್ತ್ರದಲ್ಲಿ ಮಿತಿಯಿಲ್ಲ.

1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗಿನಲ್ಲಿ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು, ಆಮೇಲೆ ಎದ್ದ ಲಿಂಕನ್ ಸುಮಾರು 270 ಪದಗಳಲ್ಲಿ ಮುಗಿಸಿದರು, ಲೋಕ ಲಿಂಕನ್ನರನ್ನು ನೆನಪಿಟ್ಟುಕೊಂಡಿತು ಎಂದು ಮಿತಿ ಬೇಕೆನ್ನುವ ಕೆಲವರು ವಾದಿಸುತ್ತಾರೆ. ನಿಜವಿರಬಹುದು. ಆದರೆ ಅವತ್ತಿನ ಮುಖ್ಯ ಭಾಷಣಕಾರ ಎವರೆಟ್ಟೇ ಆಗಿದ್ದರು ಎಂಬುದನ್ನು ಮರೆಯಬಾರದು.

ಈಗ ಪ್ರಾಸ. ಶಾಸ್ತ್ರದ ಹೃದಯ ಇದು, ಓದುಗರು ಸ್ವಲ್ಪ ನೆಟ್ಟಗೆ ಕೂರಬೇಕು. ಹಳಗನ್ನಡದ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಬೇಕಿತ್ತು. ಸಾವಿರ ವರ್ಷ ದುಡಿದ ಈ ಆದಿಪ್ರಾಸವನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಕೈಬಿಟ್ಟರು. ಉಳಿದ ಕವಿಗಳೂ ನಿಧಾನಕ್ಕೆ ಅದೇ ದಾರಿ ಹಿಡಿದರು. ಪದ್ಯದ ಮನೆಯಿಂದ ಹೊರಬಿದ್ದ ಪ್ರಾಸ ಎಲ್ಲಿಗೆ ಹೋಯಿತೆಂದು ಸಾಹಿತ್ಯ ಚರಿತ್ರೆಕಾರರು ವಿಚಾರಿಸಲಿಲ್ಲ. ಅದು ಫ್ಲೆಕ್ಸಿಗೆ, ಆಟೋರಿಕ್ಷಾದ ಬೆನ್ನಿಗೆ, ಮುಖ್ಯವಾಗಿ ಮೈಕಿನ ಮುಂದಕ್ಕೆ ಬಂದು ಸೇರಿತು.

ಹಳಬರು ಪ್ರಾಸಕ್ಕೆ ಆರು ಪ್ರಾಣಿಗಳ ಹೆಸರಿಟ್ಟಿದ್ದಾರೆ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಸಜಾತೀಯ ಒತ್ತಕ್ಷರವಾದರೆ ಹಯ, ವಿಜಾತೀಯವಾದರೆ ಶರಭ. ನಮ್ಮ ಸಭೆಗಳಲ್ಲಿ ಈ ಮೃಗಾಲಯ ಪೂರ್ತಿ ಜೀವಂತವಾಗಿದೆ. 'ನೆಲ, ಜಲ, ಬಲ, ಛಲ' ಎಂದು ಗುಡುಗಿದರೆ ಅದು ಸಿಂಹ. ನವೆಂಬರಿನಲ್ಲಿ ಇದರ ಸಂತತಿ ಹೆಚ್ಚು. 'ಈ ನಾಡು, ಈ ಬೀಡು, ಈ ಕಾಡು' ಗಜ. ಮೆಲ್ಲಗೆ ನಡೆಯುತ್ತದೆ, ದಾರಿ ಬಿಡುವುದಿಲ್ಲ. 'ಅಂದು, ಇಂದು, ಎಂದೆಂದೂ' ವೃಷಭ. ಯಾವ ಗಾಡಿಗೆ ಬೇಕಾದರೂ ಕಟ್ಟಬಹುದು, ಹಾಲು ಸಹಕಾರ ಸಂಘದ ವಾರ್ಷಿಕೋತ್ಸವದಿಂದ ವಿಜ್ಞಾನ ಮೇಳದವರೆಗೆ. 'ಕಟ್ಟಿದ್ದೇವೆ, ಕೊಟ್ಟಿದ್ದೇವೆ, ಮುಟ್ಟಿಸಿದ್ದೇವೆ' ಹಯ. ಓಟದಲ್ಲಿ ಎಲ್ಲಿ ಕಟ್ಟಿದ್ದು, ಯಾರಿಗೆ ಕೊಟ್ಟಿದ್ದು ಎಂದು ಕೇಳುವಷ್ಟರಲ್ಲಿ ಮುಂದಿನ ಊರು ಸೇರಿರುತ್ತದೆ.

ಅಜಪ್ರಾಸದ ಸ್ಥಿತಿ ಶೋಚನೀಯ. ವಿಸರ್ಗವಿರುವ ಪದ ಕನ್ನಡದಲ್ಲಿ ಕಮ್ಮಿ, ಇರುವ 'ದುಃಖ'ವನ್ನು ಸನ್ಮಾನ ಸಭೆಯಲ್ಲಿ ಎತ್ತುವಂತಿಲ್ಲ. ಹಾಗೆಂದು ಆಡನ್ನು ಸುಮ್ಮನೆ ಬಿಡಲಾಗುತ್ತದೆಯೆ? 'ಆಡು ಮುಟ್ಟದ ಸೊಪ್ಪಿಲ್ಲ, ನಮ್ಮ ಸನ್ಮಾನಿತರು ಕಾಲಿಡದ ಕ್ಷೇತ್ರವಿಲ್ಲ' ಎಂಬ ಪ್ರಯೋಗದಿಂದ ಅದಕ್ಕೂ ವೇದಿಕೆ ದಕ್ಕಿದೆ. ಹೊಗಳಿಕೆಯ ವೇಷದಲ್ಲಿ ಬೈಗುಳ ಬಂದರೆ ವ್ಯಾಜಸ್ತುತಿ; ಇದು ಆ ಜಾತಿಗೆ ಸೇರುತ್ತದೋ ಎಂಬ ಸಂದೇಹ ಸನ್ಮಾನಿತರ ಮುಖದಲ್ಲಿ ಒಂದು ಕ್ಷಣ ಸುಳಿದು ಮಾಯವಾಗುವುದನ್ನು ಮುಂದಿನ ಸಾಲಿನಲ್ಲಿ ಕೂತವರು ನೋಡಬಹುದು.

ಆದರೆ ಪ್ರಾಸಗಳ ರಾಜ ಶರಭ. 'ರಸ್ತೆ ಇಲ್ಲದೆ ನೀವು ಸುಸ್ತು, ನಾವು ಬಂದರೆ ಊರೇ ಮಸ್ತು.' ಸಕಾರಕ್ಕೆ ತಕಾರದ ಒತ್ತು, ಶುದ್ಧ ಶರಭಪ್ರಾಸ. ಎಂಟು ಕಾಲಿನ, ಸಿಂಹವನ್ನೂ ಸೋಲಿಸುವ ಈ ಪ್ರಾಣಿಯ ವರ್ಣನೆ ಪುರಾಣಗಳಲ್ಲಿದೆ, ಶಿಲ್ಪಗಳಲ್ಲಿದೆ, ಕಣ್ಣಾರೆ ಕಂಡವರಿಲ್ಲ. ರಸ್ತೆಗೆ ಈ ಪ್ರಾಸವೇ ಒದಗಿ ಬಂದದ್ದು ಭಾಷೆಯ ಆಂತರಿಕ ವಿವೇಕ.

ಅತಿಶಯೋಕ್ತಿ ಅಲಂಕಾರಗಳಲ್ಲೇ ಉತ್ತಮ ಎಂದು ದಂಡಿ ಹೇಳಿರುವುದರಿಂದ ಆ ಬಗ್ಗೆ ನಾವು ಅತಿಶಯವಾಗಿ ಹೇಳುವುದು ಬೇಡ. ಗಣನಾಲಂಕಾರ ಮಾತ್ರ ನಮ್ಮದೇ ಶೋಧ. ರಾಜ್ಯೋತ್ಸವದಲ್ಲಿ ಎಂಟು ಜ್ಞಾನಪೀಠಗಳನ್ನು ಬೆರಳೆಣಿಸುತ್ತ ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಕಾರ್ನಾಡ್ ಎನ್ನುವವರೆಗೆ ಬಂದು, ಕಂಬಾರರ ಹತ್ತಿರ ಬೆರಳು ತಡವರಿಸುತ್ತದಲ್ಲ, ಅದೇ ಇದರ ಸೊಗಸು. ಎಣಿಸಿದವರು ಈ ಎಂಟರಲ್ಲಿ ಯಾರ ಪುಸ್ತಕ ಓದಿದ್ದಾರೆಂದು ಕೇಳುವುದು ರಸಭಂಗ.

ಮೇಲಿನ ಎಲ್ಲವೂ ಆಭರಣ. ಪ್ರಾಣ ಬೇರೆಯೇ ಇದೆ. ಭಾಮಹ, ದಂಡಿ, ಶ್ರೀವಿಜಯ ಯಾರ ಕಣ್ಣಿಗೂ ಬೀಳದ ಅದಕ್ಕೆ ನಾವು ಕರ್ತೃಲೋಪಾಲಂಕಾರ ಎಂದು ಹೆಸರಿಡುತ್ತೇವೆ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಅನುದಾನ ಬಿಡುಗಡೆ ಮಾಡಲಾಗುವುದು. ಕೆರೆಯ ಹೂಳು ತೆಗೆಸಲಾಗುವುದು.' ಕಿವಿಗೊಟ್ಟು ಕೇಳಿ: ಅಂತ್ಯಪ್ರಾಸ ತಾನಾಗಿ ಬಿದ್ದಿದೆ, ಮೂರು ಏಟಿನ ಲಯವಿದೆ, ಸಾಲು ಬಾಯಲ್ಲಿ ನಿಲ್ಲುತ್ತದೆ. ಇಲ್ಲದಿರುವುದು ಒಂದೇ, ಕೈಗೊಳ್ಳುವ ಕೈ. ಮನೆಯಲ್ಲಿ ಯಾರೂ 'ಅನ್ನ ಬಡಿಸಲಾಗುವುದು' ಎನ್ನುವುದಿಲ್ಲ. ಅಂದರೆ ತಟ್ಟೆ ಖಾಲಿಯೇ ಉಳಿಯುತ್ತದೆಂದು ಮಕ್ಕಳಿಗೂ ಗೊತ್ತು. ವೇದಿಕೆಯ ಮೇಲೆ ಮಾತ್ರ ಈ ಕ್ರಿಯಾಪದ ಚಪ್ಪಾಳೆ ಗಿಟ್ಟಿಸುತ್ತದೆ. ವರ್ಷ ಕಳೆದ ಮೇಲೆ ಊರಿನವರಿಗೆ ಸಾಲು ನೆನಪಿರುತ್ತದೆ, ಹೂಳು ಕೆರೆಯಲ್ಲಿರುತ್ತದೆ, ಹೊಣೆ ವ್ಯಾಕರಣದಲ್ಲಿರುತ್ತದೆ.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. 'ಸ್ವಾಮಿ, 1965ರ ಯುದ್ಧದ ಕಾಲದಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಜೈ ಜವಾನ್ ಜೈ ಕಿಸಾನ್ ಎಂದರಲ್ಲ, ಅದರಲ್ಲೂ ಪುನರುಕ್ತಿ ಇದೆ, ಸಮತೂಕ ಇದೆ, ಪ್ರಾಸವೂ ಇದೆ. ಆದರೆ ಅವರು ಜೊತೆಗೇ, ಅಕ್ಕಿ ಗೋಧಿಗೆ ತತ್ವಾರ ಬಂದಾಗ, ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿದರು, ತಮ್ಮ ಮನೆಯಲ್ಲೂ ಬಿಟ್ಟರು. ಅಲ್ಲಿ ಮಾತೂ ನಿಂತಿತು, ಹೊಣೆಯೂ ಜಾರಲಿಲ್ಲ. ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ಎಲ್ಲಿ ಜಾಗ?'

ಸಿದ್ಧಾಂತಿಯ ಉತ್ತರ: ಜಾಗವಿಲ್ಲ. ಮಾತು ಆಡಿದವನಿಗೇ ಬಂದು ಅಂಟಿಕೊಳ್ಳುವುದು ಮಹಾದೋಷ. ಸಭೆ ಮುಗಿದ ಮೇಲೆ ಊಟದ ವ್ಯವಸ್ಥೆ ಇದೆ ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸುವ ನಮ್ಮ ಪರಂಪರೆಯಲ್ಲಿ ಊಟ ಬಿಡಿ ಎನ್ನುವ ಭಾಷಣ ಊಹಾತೀತ. ಭಾಷಣದಿಂದ ಜನರನ್ನು ಒಪ್ಪಿಸಲು ಮೂರು ಬಲ ಬೇಕೆಂದು ಅರಿಸ್ಟಾಟಲ್ ಹೇಳಿದ: ಆಡುವವನ ಶೀಲ, ಕೇಳುವವರ ಭಾವ, ಮಾತಿನ ತರ್ಕ. ಪಕ್ಕದ ಶಾಮಿಯಾನದಿಂದ ಬರುವ ಕೇಸರಿಬಾತಿನ ಘಮ ಎಂಬ ನಾಲ್ಕನೆಯ ಬಲ ಅವನಿಗೆ ತಿಳಿದಿರಲಿಲ್ಲ. ಅದಿದ್ದರೆ ಮೊದಲ ಮೂರು ಇಲ್ಲದೆಯೂ ಸಭೆ ಕೊನೆಯವರೆಗೆ ಕೂರುತ್ತದೆ. ಪೂರ್ವಪಕ್ಷಿ ಈ ಉತ್ತರದಿಂದ ತೃಪ್ತನಾಗಲಿಲ್ಲ; ಅವನಿಗೆ ಊಟದ ಕೂಪನ್ ಕೊಡಲಾಗುವುದು.

ಈ ಗ್ರಂಥ ಭಾಷಣಕಾರರಿಗಾಗಿ ಬರೆದದ್ದು. ಅರ್ಹತೆಯಿಲ್ಲದ ಕೇಳುಗರು ಕದ್ದು ಓದಿ ಇಲ್ಲಿಯವರೆಗೆ ಬಂದಿದ್ದರೆ ಅವರಲ್ಲೊಂದು ಬಿನ್ನಹ. ಆಹ್ವಾನ ಪತ್ರಿಕೆಯ ಹಿಂಬದಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಮುಂದಿನ ಸಭೆಯಲ್ಲಿ ಯಾರಾದರೂ 'ಮಾಡಲಾಗುವುದು' ಎಂದ ಕೂಡಲೆ ಅದರ ಮೇಲೆ 'ಯಾರು? ಯಾವಾಗ?' ಎಂದು ಬರೆದು ವೇದಿಕೆಗೆ ಕಳಿಸಿ. ಚೀಟಿಯನ್ನು ಮಡಚಿ ಜೇಬಿಗಿಡುತ್ತಾರೆ. ಇನ್ನೊಂದು ಕಳಿಸಿ.