ಸ್ಕೋರ್ ಎಷ್ಟಾಯ್ತು?

ಕ್ರಿಕೆಟ್ ಸ್ಕೋರ್ ಹೇಳುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಯಾರೂ ಕೇಳದೆಯೇ ನಡೆಯುವ ಸೇವೆ. ಟ್ರಾನ್ಸಿಸ್ಟರ್ ಕಾಲದಲ್ಲಿ ಇದಕ್ಕೊಂದು ಅರ್ಥವಿತ್ತು. ಕಾಮೆಂಟರಿಗೆ ಕಿವಿಗೊಟ್ಟವನು ಟೀ ಅಂಗಡಿಗೆ ಬಂದು ಹೇಳಿದ್ದೇ ಸ್ಕೋರು. ಈಗ ಎಲ್ಲರ ಜೇಬಿನಲ್ಲೂ ಸ್ಕೋರ್ ಇದೆ; ಹೇಳುವವರು ಮಾತ್ರ ಕಡಿಮೆಯಾಗಿಲ್ಲ. ಐಪಿಎಲ್ ಬಂತೆಂದರೆ ವಾಟ್ಸಾಪ್ ಗ್ರೂಪಿನ ಮೂವತ್ತು ಜನ ಒಂದೇ ವಿಕೆಟ್ಟನ್ನು ಮೂವತ್ತು ಸಲ ಬೀಳಿಸುತ್ತಾರೆ.

ಹೇಳುವವರಲ್ಲಿ ಎರಡು ಬಗೆ: ಕೇಬಲ್ ಟಿವಿಯವರು, ಮೊಬೈಲಿನವರು. ಮೊಬೈಲಿಗೆ ಆಟ ತಲುಪುವುದು ಸಾಮಾನ್ಯವಾಗಿ ಕೆಲವು ಸೆಕೆಂಡು ತಡ. ಹೀಗಾಗಿ ಗೌರಿಬಿದನೂರಿನ ಟಿವಿಯಲ್ಲಿ ಕೊಹ್ಲಿ ಔಟಾಗಿ ಪೆವಿಲಿಯನ್ ಕಡೆ ತಿರುಗಿದಾಗ, ಚಿಂತಾಮಣಿ ಬಸ್ಸಿನಲ್ಲಿ ಕೂತವನ ಮೊಬೈಲಿನಲ್ಲಿ ಅದೇ ಕೊಹ್ಲಿ ಇನ್ನೂ ಗ್ಲೌಸ್ ಬಿಗಿ ಮಾಡಿಕೊಳ್ಳುತ್ತಿರುತ್ತಾರೆ. ‘ಹೋಯ್ತು, ಮಲ್ಕೊಳ್ರಪ್ಪ’ ಎಂಬ ಮೆಸೇಜು ಪರದೆಯ ಮೇಲಿಂದ ಇಳಿಯುತ್ತದೆ. ಕೆಳಗೆ ಬೌಲರ್ ಓಡಿ ಬರುತ್ತಿರುತ್ತಾನೆ. ವಿಧಿ ಗೊತ್ತಿದ್ದೂ ತಪ್ಪಿಸಲಾಗದ ಸಂಕಟ ಆ ಪ್ರಯಾಣಿಕನದು.

ರೇಷ್ಮೆಗೂಡಿನ ಮಾರುಕಟ್ಟೆಯ ಊರಾದ ಶಿಡ್ಲಘಟ್ಟದಲ್ಲಿ ‘ಎಷ್ಟಾಯ್ತಣ್ಣ?’ ಎಂದರೆ ಎರಡು ಉತ್ತರ ಸಾಧ್ಯ. ‘ನೂರೆಂಬತ್ತಕ್ಕೆ ಆರು’ ಅಂದರೆ ಸ್ಕೋರು, ‘ಐನೂರ ಹತ್ತು’ ಅಂದರೆ ಗೂಡಿನ ರೇಟು. 2024ರ ಏಪ್ರಿಲ್ 15ರಂದು ಈ ವ್ಯತ್ಯಾಸವೂ ಅಳಿಸಿಹೋಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದ್ 3 ವಿಕೆಟ್‌ಗೆ 287 ಬಾರಿಸಿತು; ಆರ್‌ಸಿಬಿ 7 ವಿಕೆಟ್‌ಗೆ 262 ಹೊಡೆದೂ ಸೋತಿತು. ಎರಡೂ ಸೇರಿ 549, ಗೂಡಿಗೆ ಸಿಕ್ಕರೆ ಬೇಡವೆನ್ನಲಾಗದ ರೇಟು. ಆಂಧ್ರದ ಗಡಿಗೆ ಅಂಟಿದ ಈ ಜಿಲ್ಲೆಯಲ್ಲಿ ಮನೆಮಾತು ತೆಲುಗಾದ ಆರ್‌ಸಿಬಿ ಅಭಿಮಾನಿಗಳು ಬಹಳ. ಅವರು ಹೈದರಾಬಾದನ್ನು ಬೈಯುವುದೂ ತೆಲುಗಿನಲ್ಲೇ.

ಸ್ಕೋರಿಗಿಂತ ಜಟಿಲವಾದದ್ದು ಪಾಯಿಂಟ್ಸ್ ಟೇಬಲ್. ಅಮೆರಿಕದ ಬೇಸ್‌ಬಾಲ್ ಪಟ್ಟಿಯಲ್ಲಿ ಗೆದ್ದದ್ದು, ಸೋತದ್ದು, ಮೊದಲ ಸ್ಥಾನದವರಿಗಿಂತ ಎಷ್ಟು ಪಂದ್ಯ ಹಿಂದೆ ಎಂಬುದನ್ನು ನೋಡಿದರೆ ವಿಷಯ ತಿಳಿಯುತ್ತದೆ. ಐಪಿಎಲ್‌ನಲ್ಲಿ ಗೆದ್ದರೆ 2 ಪಾಯಿಂಟ್, ಮಳೆಗೆ ರದ್ದಾದರೆ 1. ಪಾಯಿಂಟೂ ಗೆಲುವೂ ಸಮವಾದರೆ ನೆಟ್ ರನ್‌ರೇಟ್. ಓವರಿಗೆ ಹೊಡೆದ ಸರಾಸರಿಯಿಂದ ಬಿಟ್ಟುಕೊಟ್ಟ ಸರಾಸರಿ ಕಳೆಯಬೇಕು. ಆಲೌಟಾದ ತಂಡಕ್ಕೆ ಪೂರಾ 20 ಓವರ್ ಲೆಕ್ಕ. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಕೈಮುಗಿದವರೂ ಮೇ ತಿಂಗಳಲ್ಲಿ ಮೂರು ದಶಮಾಂಶದವರೆಗೆ ಲೆಕ್ಕ ಒಪ್ಪಿಸುತ್ತಾರೆ. ಇಂಥ ಲೆಕ್ಕಕ್ಕೆ ಸಿಗದ ಆಟವೂ ಉಂಟು: 2024ರ ಜನವರಿ 18ರಂದು ಜಿಲ್ಲೆಯ ಮುದ್ದೇನಹಳ್ಳಿಯಲ್ಲೇ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ತಂಡಗಳು ಆಡಿದವು. ಅದಕ್ಕೆ ಪಾಯಿಂಟ್ಸ್ ಟೇಬಲ್ ಇರಲಿಲ್ಲ. ಸೋತವರ ಪರ ಲೆಕ್ಕ ಹಾಕುವ ಸುಖವೂ ಇರಲಿಲ್ಲ.

ಲೆಕ್ಕದವರ ಸುಗ್ಗಿ ಬಂದದ್ದು ಅದೇ ವರ್ಷದ ಮೇನಲ್ಲಿ. ಮೊದಲ 8 ಪಂದ್ಯಗಳಲ್ಲಿ 7 ಸೋತಿದ್ದ ಆರ್‌ಸಿಬಿ ಸಾಲಾಗಿ ಗೆಲ್ಲತೊಡಗಿತು. ಮೇ 18ರಂದು ಚೆನ್ನೈ ಎದುರು 5 ವಿಕೆಟ್‌ಗೆ 218 ಹೊಡೆಯಿತು. ಚೆನ್ನೈಗೆ ಗೆಲ್ಲಲು 219 ಬೇಕು, ಪ್ಲೇಆಫ್‌ಗೆ 201 ಸಾಕು. ಅಂದರೆ ಸೋತವರು ಕುಣಿದು, ಗೆದ್ದವರು ಅಳುವುದಕ್ಕೂ ಅವಕಾಶವಿತ್ತು. ಚೆನ್ನೈ 191ಕ್ಕೆ ನಿಂತಿತು. ಇಬ್ಬರಿಗೂ 14 ಪಾಯಿಂಟ್, ರನ್‌ರೇಟಿನಲ್ಲಿ ಆರ್‌ಸಿಬಿ ಮುಂದೆ. ನಾಲ್ಕೇ ದಿನಕ್ಕೆ ರಾಜಸ್ಥಾನ ಎಲಿಮಿನೇಟರ್‌ನಲ್ಲಿ ಸೋಲಿಸಿ ಮನೆಗೆ ಕಳಿಸಿತು. ಅದಕ್ಕೆ ದಶಮಾಂಶವೇ ಬೇಕಾಗಲಿಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಮಣಿಸಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿತು. ‘ಈ ಸಲ ಕಪ್ ನಮ್ದೇ’ ಎಂಬ ವಾಕ್ಯ ಕೊನೆಗೂ ಸುದ್ದಿಯಾಯಿತು. ಲೆಕ್ಕದವರಿಗೆ ಇದರಿಂದ ವಿಶ್ರಾಂತಿಯೇನೂ ಸಿಗುವುದಿಲ್ಲ. ಹೊಸ ಸೀಸನ್ನಿನ ಮೊದಲ ದಿನ ಹತ್ತೂ ತಂಡಗಳದ್ದು ಸೊನ್ನೆ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆದರೆ ಚೆನ್ನೈ ಮೊದಲು, ಆರ್‌ಸಿಬಿ ಒಂಬತ್ತನೆಯದು. ಒಂದೂ ಬಾಲ್ ಆಡದೆ ಒಂಬತ್ತನೇ ಸ್ಥಾನ ಹೇಗಾಯಿತೆಂದು ಕೇಳುವವರು ಪ್ರತಿ ಊರಿನಲ್ಲೂ ಇರುತ್ತಾರೆ, ವಿವರಿಸುವವರು ಇನ್ನೂ ಹೆಚ್ಚು.